ಮನಸ್ಸಿನ ಆರೋಗ್ಯ ಕೆಟ್ಟಾಗ ಆಫೀಸಿನಲ್ಲಿ ನೆರವು ಕೇಳುವುದು ಹೇಗೆ

ಖಿನ್ನತೆ, ಆತಂಕ, ನಿದ್ದೆಗೇಡುಗಳನ್ನು ಹೊತ್ತುಕೊಂಡೇ ಕೆಲಸಕ್ಕೆ ಹೋಗುವ ಎಷ್ಟೋ ಮಂದಿ ನೆರವು ಕೇಳುವ ಹೊತ್ತಿಗೆ ತಡವಾಗಿರುತ್ತದೆ. ಎರಡು ಡೆಡ್‌ಲೈನ್ ತಪ್ಪಿ, ಮ್ಯಾನೇಜರ್ ಕರೆದು ವಿಚಾರಿಸಿದ ಮೇಲೆ ಹೇಳಿದ್ದು ನಿಜವೇ ಆದರೂ ನೆಪದಂತೆ ಕೇಳಿಸುತ್ತದೆ. ಆದ್ದರಿಂದ ಕೆಲಸ ಇನ್ನೂ ಕೈಯಲ್ಲಿರುವಾಗಲೇ ಕೇಳಿ. ಆಫೀಸಿಗೆ ನಿಮ್ಮ ಕಾಯಿಲೆಯ ಪೂರ್ತಿ ವಿವರ ಬೇಕಿಲ್ಲ. ಕೆಲಸದಲ್ಲಿ ಏನು ಬದಲಾಗಬೇಕು, ಎಷ್ಟು ದಿನ ಎಂಬುದು ಗೊತ್ತಾದರೆ ಸಾಕು.

ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಈ ಸಿದ್ಧತೆಗಳೆಲ್ಲ ಆಮೇಲಿನ ಮಾತು. ಇವತ್ತೇ ವೈದ್ಯರನ್ನೋ ತುರ್ತು ಸಹಾಯವಾಣಿಯನ್ನೋ ಸಂಪರ್ಕಿಸಿ, ನಂಬಿಕೆಯ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಆಫೀಸಿಗೆ "ಹುಷಾರಿಲ್ಲ, ಇವತ್ತು ಬರುವುದಿಲ್ಲ" ಎಂಬ ಒಂದು ಸಾಲು ಕಳಿಸಿದರೆ ಸಾಕು.

ಮೊದಲು ಬರೆದಿಡಿ

ಒಂದೆರಡು ವಾರ ದಿನಕ್ಕೆ ಎರಡು ಸಾಲು ಬರೆಯಿರಿ: ಯಾವ ಕೆಲಸ, ಎಷ್ಟು ಹೊತ್ತಿಗೆ, ಏನು ಕೆಟ್ಟಿತು, ಏನು ಸಲೀಸಾಯಿತು. ಉದಾಹರಣೆಗೆ: "ಬುಧವಾರ, 9.30ರ ಮೀಟಿಂಗ್. ಮಾತ್ರೆಯ ಮಂಪರು, ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಗಲಿಲ್ಲ. 11ರ ನಂತರ ರಿಪೋರ್ಟ್ ಬರೆದೆ, ತಪ್ಪಿಲ್ಲದೆ ಮುಗಿಯಿತು." ಇಂಥ ಹತ್ತು ಟಿಪ್ಪಣಿ ಸೇರಿದರೆ ಏನು ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಈ ಟಿಪ್ಪಣಿ ನಿಮ್ಮ ಸ್ವಂತ ಪುಸ್ತಕದಲ್ಲಿರಲಿ. ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಚಾಟ್ ಇದಕ್ಕೆ ಬೇಡ.

ಏನು ಕೇಳಬೇಕು

ಎರಡು, ಹೆಚ್ಚೆಂದರೆ ಮೂರು ಬದಲಾವಣೆ. "ಸ್ವಲ್ಪ ಸಪೋರ್ಟ್ ಬೇಕು" ಎಂದರೆ ಎದುರಿನವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಅಯ್ಯೋ ಪಾಪ ಎಂದು ಸುಮ್ಮನಾಗುತ್ತಾರೆ. ಬೆಳಗಿನ ಮಂಪರಿದ್ದರೆ ಒಂದು ಗಂಟೆ ತಡವಾಗಿ ಶುರುಮಾಡಿ ಒಂದು ಗಂಟೆ ತಡವಾಗಿ ಮುಗಿಸುವುದು. ಗಮನ ನಿಲ್ಲದಿದ್ದರೆ, ಬಾಯಲ್ಲಿ ಹೇಳಿದ ಕೆಲಸವನ್ನು ಬರಹದಲ್ಲೂ ಕೊಡುವುದು, ದಿನದಲ್ಲಿ ಎರಡು ಗಂಟೆ ಯಾವ ಮೀಟಿಂಗೂ ಇಡದಿರುವುದು. ನಿದ್ದೆ ಕೆಟ್ಟಿದ್ದರೆ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದ್ದರಂತೂ, ರಾತ್ರಿ ಪಾಳಿ ಮತ್ತು ವಾರವಾರ ಬದಲಾಗುವ ಶಿಫ್ಟ್‌ನಿಂದ ಬಿಡುವು ಕೇಳುವುದು ಎಲ್ಲಕ್ಕಿಂತ ಮುಖ್ಯ. ನಿದ್ದೆಯ ಹೊತ್ತು ಏರುಪೇರಾದರೆ ಕಾಯಿಲೆ ಮರುಕಳಿಸಬಹುದು. ಥೆರಪಿ ಸಾಮಾನ್ಯವಾಗಿ ವಾರಕ್ಕೊಮ್ಮೆ, 45ರಿಂದ 60 ನಿಮಿಷ. ಹೋಗಿಬರುವ ಹೊತ್ತನ್ನೂ ಸೇರಿಸಿ ಕೇಳಿ.

ಅವಧಿಯನ್ನೂ ನೀವೇ ಹೇಳಿ. ಖಿನ್ನತೆಯ ಮಾತ್ರೆಗಳ ಪರಿಣಾಮ ಸರಿಯಾಗಿ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಎರಡು ವಾರದ ರಿಯಾಯಿತಿ ಸಾಲದು. "ಎಂಟು ವಾರ ನೋಡೋಣ, ನಾಲ್ಕನೇ ವಾರ ಕೂತು ಮಾತಾಡೋಣ" ಎಂದರೆ ಮ್ಯಾನೇಜರಿಗೂ ಒಪ್ಪುವುದು ಸುಲಭ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಗಂಟೆ ಕಡಿಮೆಯಾಗುತ್ತದೆ, ಟಾರ್ಗೆಟ್ ಹಾಗೇ ಉಳಿಯುತ್ತದೆ. ಎಂಟು ಗಂಟೆಯ ಕೆಲಸವನ್ನು ಆರು ಗಂಟೆಯಲ್ಲಿ ಮುಗಿಸಲು ಹೋಗಿ ಪರಿಸ್ಥಿತಿ ಮೊದಲಿಗಿಂತ ಹದಗೆಡುತ್ತದೆ. ಯಾವ ಕೆಲಸ ಯಾರಿಗೆ ಹೋಗುತ್ತದೆ ಎಂಬುದನ್ನು ಹೆಸರು ಹಿಡಿದು ತೀರ್ಮಾನಿಸಿಕೊಳ್ಳಿ. ಇನ್ನೊಂದು, ಹಾಯೆನಿಸುವುದನ್ನೆಲ್ಲ ಕೇಳುವುದು. ಆತಂಕವಿರುವವರು ಎಲ್ಲ ಮೀಟಿಂಗ್‌ಗಳಿಂದ ವಿನಾಯಿತಿ ಪಡೆದರೆ ಆ ದಿನ ಹಗುರ, ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ದೊಡ್ಡ ಮೀಟಿಂಗ್ ಬಿಟ್ಟು ಚಿಕ್ಕದಕ್ಕೆ ಹೋಗುವುದು, ಅಜೆಂಡಾ ಹಿಂದಿನ ದಿನವೇ ಪಡೆಯುವುದು ಮೇಲು. ಖಿನ್ನತೆಯಲ್ಲಿ ವಾರವಿಡೀ ಮನೆಯಿಂದಲೇ ಕೆಲಸವೂ ಹೀಗೆಯೇ. ಒಬ್ಬರೇ ಕೂತು ಇನ್ನಷ್ಟು ಕುಗ್ಗುವುದುಂಟು. ಒಂದೆರಡು ದಿನವಾದರೂ ಆಫೀಸಿಗೆ ಹೋಗುವಂತೆ ಕೇಳಿಕೊಳ್ಳಿ. ಈ ವಿಷಯವನ್ನು ನಿಮ್ಮ ಥೆರಪಿಸ್ಟ್ ಹತ್ತಿರ ಮೊದಲೇ ಚರ್ಚಿಸಿದರೆ ಒಳ್ಳೆಯದು.

ಯಾರಿಗೆ, ಎಷ್ಟು ಹೇಳಬೇಕು

ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಾಗದು. ಆದ್ದರಿಂದ ಕಡಿಮೆಯಿಂದ ಶುರುಮಾಡಿ. "ಆರೋಗ್ಯದ ಕಾರಣ, ಚಿಕಿತ್ಸೆಯಲ್ಲಿದ್ದೇನೆ" ಎಂಬುದು ಹೆಚ್ಚಿನ ಸಣ್ಣ ಬದಲಾವಣೆಗಳಿಗೆ ಸಾಕು. ಮಾನಸಿಕ ಆರೋಗ್ಯ ಎಂದು ಹೇಳುವುದು ಎರಡನೇ ಹಂತ, ಕಾಯಿಲೆಯ ಹೆಸರು ಹೇಳುವುದು ಮೂರನೆಯದು. ದೀರ್ಘ ರಜೆ ಅಥವಾ ಕಾನೂನಿನ ರಕ್ಷಣೆ ಬೇಕಾದಾಗ ಮೂರನೇ ಹಂತ ಬೇಕಾಗಬಹುದು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕಂಪನಿಯ ರಜೆ ನಿಯಮ, ನೇಮಕಾತಿ ಪತ್ರ ಎರಡನ್ನೂ ಮೊದಲು ಓದಿಕೊಳ್ಳಿ. ಇಂಥ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ಮಾರ್ಗಸೂಚಿಯಲ್ಲೇ ಶಿಫಾರಸು ಮಾಡಿದೆ. ನೀವು ಕೇಳುತ್ತಿರುವುದು ವಿಶೇಷ ಉಪಕಾರವೇನಲ್ಲ.

ದಿನನಿತ್ಯದ ಕೆಲಸ ಹಂಚುವವರು ಮ್ಯಾನೇಜರ್, ಆದ್ದರಿಂದ ಅವರಿಂದಲೇ ಶುರು. ಅವರೇ ಸಮಸ್ಯೆಯ ಮೂಲವಾಗಿದ್ದರೆ ಎಚ್‌ಆರ್. ಆದರೆ ಎಚ್‌ಆರ್ ನಿಮ್ಮ ಆಪ್ತಸಲಹೆಗಾರರಲ್ಲ, ಹೇಳಿದ್ದು ದಾಖಲಾಗಬಹುದು. "ಇದನ್ನು ಯಾರ್ಯಾರು ನೋಡುತ್ತಾರೆ?" ಎಂದು ವಿವರ ಕೊಡುವ ಮೊದಲೇ ಕೇಳಿ.

ವೈದ್ಯರ ಪತ್ರ ಬೇಕೆಂದರೆ ಕಾಯಿಲೆಯ ಹೆಸರಿನ ಬದಲು ಏನು ಕಷ್ಟ, ಏನು ಬದಲಾಗಬೇಕು, ಎಷ್ಟು ವಾರ ಎಂದಷ್ಟೇ ಬರೆದುಕೊಡಲು ಕೇಳಿ. "ವಿಶ್ರಾಂತಿ ಬೇಕು" ಎಂದಷ್ಟೇ ಇರುವ ಪತ್ರದಿಂದ ರಜೆ ಸಿಗಬಹುದು, ಶಿಫ್ಟ್ ಬದಲಾಗುವುದಿಲ್ಲ.

ಮಾತಾಡುವ ದಿನ

ಕಾರಿಡಾರಿನಲ್ಲಿ, ಬೈಸಿಕೊಂಡ ದಿನ ಬೇಡ. "ಸರ್, ಕೆಲಸದ ಹೊಂದಾಣಿಕೆ ಬಗ್ಗೆ ನಿಮ್ಮ ಹತ್ತಿರ ಅರ್ಧ ಗಂಟೆ ಮಾತಾಡಬೇಕಿತ್ತು, ಈ ವಾರ ಯಾವಾಗ ಆಗಬಹುದು?" ಎಂದು ಮೊದಲೇ ಸಮಯ ಕೇಳಿ. ಒಳಗೆ ಕೂತ ಮೇಲೆ ಚೀಟಿ ನೋಡಿಕೊಂಡು ಹೇಳಿದರೆ ತಪ್ಪಿಲ್ಲ:

"ಆರೋಗ್ಯದ ಕಾರಣ ಚಿಕಿತ್ಸೆ ತಗೊಳ್ತಿದ್ದೀನಿ. ಬೆಳಿಗ್ಗೆ ಹತ್ತೂವರೆವರೆಗೆ ಗಮನ ಇಡೋದು ಕಷ್ಟ ಆಗ್ತಿದೆ, ಆಮೇಲೆ ಸರಿ ಇರುತ್ತೆ. ಎಂಟು ವಾರ ಹತ್ತೂವರೆಗೆ ಶುರುಮಾಡಿ ಏಳೂವರೆಗೆ ಮುಗಿಸ್ತೀನಿ. ಬೆಳಗಿನ ಮೀಟಿಂಗನ್ನು ಮಧ್ಯಾಹ್ನಕ್ಕೆ ಹಾಕಬಹುದಾ ಸರ್?"

ಇಷ್ಟು ಹೇಳಿ ನಿಲ್ಲಿಸಿ. ಎದುರಿನವರು ಸುಮ್ಮನಿದ್ದರೆ ಆ ಮೌನ ತುಂಬಲು ಹೋಗಿಯೇ ಹೇಳಬಾರದ್ದೆಲ್ಲ ಬಾಯಿಗೆ ಬರುವುದು. ಕೆದಕಿ ಕೇಳಿದರೆ "ಅದು ಡಾಕ್ಟರ್ ಹತ್ತಿರ ನಡೀತಿದೆ ಸರ್, ಕೆಲಸಕ್ಕೆ ಬೇಕಾದ್ದು ಇಷ್ಟು" ಎನ್ನಿ. ಅಳು ಬಂದರೆ ಎರಡು ನಿಮಿಷ ಹೊರಗೆ ಹೋಗಿ ಬನ್ನಿ, ಮಾತು ಮುಂದುವರಿಸಿ.

ಅದೇ ದಿನ ಇಮೇಲ್ ಹಾಕಿ: ಏನು ಕೇಳಿದಿರಿ, ಏನು ಒಪ್ಪಿದರು, ಯಾವಾಗಿನಿಂದ, ಮತ್ತೆ ಮಾತಾಡುವ ದಿನ ಯಾವುದು. ಐದಾರು ಸಾಲು, ರೋಗದ ವಿವರ ಬೇಡ. ಮ್ಯಾನೇಜರ್ ಬದಲಾದರೆ ಬಾಯಿಮಾತಿನ ಒಪ್ಪಂದ ಅವರೊಂದಿಗೇ ಹೋಗಿಬಿಡುತ್ತದೆ.

"ಆಗಲ್ಲ" ಎಂದರೆ ಯಾಕೆ ಎಂದು ಬರಹದಲ್ಲಿ ಕೇಳಿ, ಚಿಕ್ಕದೊಂದು ಬದಲಿ ಮುಂದಿಡಿ: ಎಂಟು ವಾರದ ಬದಲು ಎರಡು ವಾರದ ಪ್ರಯೋಗ, ಐದು ದಿನದ ಬದಲು ಎರಡು. ಅದಕ್ಕೂ ಒಪ್ಪದಿದ್ದರೆ ವೈದ್ಯರ ಪತ್ರದೊಂದಿಗೆ ಎಚ್‌ಆರ್, ಆಮೇಲೆ ಕಾರ್ಮಿಕ ಸಂಘ ಅಥವಾ ವಕೀಲರು. ಸಿಟ್ಟಿನಲ್ಲಿ ರಾಜೀನಾಮೆ ಮಾತ್ರ ಬರೆಯಬೇಡಿ. ಖಿನ್ನತೆ ಜೋರಾಗಿರುವಾಗ ದಾರಿಗಳೆಲ್ಲ ಮುಚ್ಚಿದಂತೆ ಕಾಣುತ್ತವೆ. ಆ ನಿರ್ಧಾರ ಕೆಲವು ವಾರ ಕಾಯಲಿ.

ದೀರ್ಘ ರಜೆಯಿಂದ ಮರಳುವವರು ಮೊದಲ ದಿನವೇ ಪೂರ್ತಿ ಹೊರೆ ಹೊರಬೇಡಿ. ಮೊದಲೆರಡು ವಾರ ಅರ್ಧ ದಿನ, ಮುಂದಿನ ಎರಡು ವಾರ ಮುಕ್ಕಾಲು ದಿನ, ಐದನೇ ವಾರದಿಂದ ಪೂರ್ತಿ ಎಂದು ಮೊದಲೇ ಬರೆಸಿಕೊಳ್ಳಿ. ಆ ಅವಧಿಯ ಸಂಬಳ ಹೇಗೆ ಲೆಕ್ಕವಾಗುತ್ತದೆ, ಉಳಿದ ರಜೆ ಕಡಿತವಾಗುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿಕೊಳ್ಳಿ.