ಕ್ಯಾಮರನ್ ಹೈಲ್ಯಾಂಡ್ಸ್: ಒಂದೇ ಹೆಸರು, ಎರಡು ಗಡಿ

ಹೊರದೇಶದ ಊರುಗಳನ್ನು ಕುರಿತು ನಕ್ಷೆ ಸಹಿತ ಪರಿಚಯ ಲೇಖನಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ನಾನು, ಮಲೇಷ್ಯಾದ ಪಹಾಂಗ್ ರಾಜ್ಯದ ಕ್ಯಾಮರನ್ ಹೈಲ್ಯಾಂಡ್ಸ್ ಜಿಲ್ಲೆಯನ್ನು ಕೈಗೆತ್ತಿಕೊಂಡಾಗ ಮೊದಲ ಕರಡಿನಲ್ಲೇ ತಪ್ಪಿದ್ದೆ. ಅದೇ ಹೆಸರಿನ ಸಂಸತ್ ಕ್ಷೇತ್ರದ ಗಡಿಯನ್ನು ಜಿಲ್ಲೆಯ ಗಡಿಯೆಂದು ಭಾವಿಸಿ ಗೆರೆ ಎಳೆದಿದ್ದೆ. ಆಮೇಲೆ ವಿಸ್ತೀರ್ಣ ಲೆಕ್ಕ ಹಾಕಿದರೆ, ಜಿಲ್ಲೆಗೆ ಹೇಳಲಾಗುವ ಸುಮಾರು 712 ಚದರ ಕಿಲೋಮೀಟರಿಗಿಂತ ಬಹಳ ಹೆಚ್ಚು ಬಂತು.

ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಈ ಸಂಸತ್ ಕ್ಷೇತ್ರದೊಳಗೆ ತಾನಾ ರಾತಾ, ಜೆಲಾಯ್ ಎಂಬ ಎರಡು ವಿಧಾನಸಭಾ ಕ್ಷೇತ್ರಗಳಿವೆ. ಗುಡ್ಡದ ಮೇಲಿನ ಊರುಗಳೆಲ್ಲ ತಾನಾ ರಾತಾಕ್ಕೆ ಸೇರುತ್ತವೆ. ಜೆಲಾಯ್ ಇರುವುದು ಪಕ್ಕದ ಲಿಪಿಸ್ ಜಿಲ್ಲೆಯಲ್ಲಿ. ಉಡುಪಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು ಎರಡು ಜಿಲ್ಲೆಗಳಲ್ಲಿ ಹರಡಿಕೊಂಡಿರುವುದನ್ನೂ, ಚಿಕ್ಕಮಗಳೂರು ಜಿಲ್ಲೆಯ ಕಡೂರು ಹಾಸನ ಕ್ಷೇತ್ರಕ್ಕೆ ಸೇರಿರುವುದನ್ನೂ ಬಲ್ಲ ನನಗೆ ಈ ಅನುಮಾನ ಮೊದಲೇ ಬರಬೇಕಿತ್ತು. ಹೊಸ ನಕ್ಷೆಯಲ್ಲಿ ಜಿಲ್ಲೆಗೆ ಹಸಿರು ತುಂಬಿ, ಕ್ಷೇತ್ರದ ಗಡಿಯನ್ನು ಕೆಂಪು ಗೆರೆಯಲ್ಲಿ ಬೇರೆಯಾಗಿ ತೋರಿಸಿದೆ.

ಊರುಗಳನ್ನು ಗುರುತಿಸುವುದು ಸುಲಭವಾಯಿತು. ಪೆರಾಕ್ ರಾಜ್ಯದ ತಾಪಾದಿಂದ ಘಟ್ಟ ಹತ್ತಿ ಬರುವ ರಸ್ತೆಯಲ್ಲಿ ರಿಂಗ್ಲೆಟ್, ತಾನಾ ರಾತಾ, ಬ್ರಿಂಚಾಂಗ್ ಒಂದಾದ ಮೇಲೊಂದು ಸಿಗುತ್ತವೆ; ಉತ್ತರಕ್ಕೆ ಮುಂದುವರಿದರೆ ತ್ರಿಂಗ್‌ಕಾಪ್, ಕ್ವಾಲಾ ತೆರ್ಲಾ, ಕಂಪುಂಗ್ ರಾಜಾ. ಹೆಸರುಗಳ ಅರ್ಥ ಕೇಳಿ ತಿಳಿದದ್ದರಿಂದ ನಕ್ಷೆ ಓದುವುದೂ ಹಗುರಾಯಿತು. ಮಲಯ ಭಾಷೆಯಲ್ಲಿ ತಾನಾ ಎಂದರೆ ನೆಲ, ರಾತಾ ಎಂದರೆ ಸಮತಟ್ಟು. ಬೆಟ್ಟಗಳ ನಡುವಿನ ಆ ಸಮನೆಲದ ಊರೇ ಜಿಲ್ಲೆಯ ಆಡಳಿತ ಕೇಂದ್ರ. ಕ್ವಾಲಾ ಎಂದರೆ ಹೊಳೆಯೊಂದು ಇನ್ನೊಂದು ಹೊಳೆಯನ್ನೋ ಕಡಲನ್ನೋ ಸೇರುವ ಜಾಗ. ತುಂಗೆ ಭದ್ರೆಯರು ಕೂಡುವ ಊರನ್ನು ಕೂಡ್ಲಿ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲೆಯ ಒಳವಿಭಾಗವಾದ ಮುಕಿಮ್ ಎಂಬುದನ್ನು ನಾನು ಅನುವಾದಿಸದೆ, ‘ನಮ್ಮ ಹೋಬಳಿಯಂಥದ್ದು’ ಎಂದು ಒಮ್ಮೆ ವಿವರಿಸಿ ಹಾಗೆಯೇ ಉಳಿಸಿಕೊಂಡೆ. ಅಂಥವು ಇಲ್ಲಿ ಮೂರಿವೆ: ಉಲು ತೆಲೊಮ್, ತಾನಾ ರಾತಾ, ರಿಂಗ್ಲೆಟ್.

ಪ್ರಾತಿನಿಧ್ಯದ ಭಾಗಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ಚಹಾ ತೋಟಗಳ ಚಿತ್ರಗಳ ಹಿಂದೆ ಅಲ್ಲಿನ ಜನ ಮರೆಯಾಗಬಾರದು ಎಂಬುದು ನನ್ನ ಕಾಳಜಿ. ತೋಟಗಳಿಗೆ ಬಂದ ತಮಿಳರು, ತರಕಾರಿ ಬೆಳೆಯುವ ಚೀನೀಯರು, ಮಲಯರು, ಇವರೆಲ್ಲರಿಗಿಂತ ಮೊದಲಿನಿಂದ ಕಾಡಿನಲ್ಲಿರುವ ಸೆಮಾಯ್ ಮುಂತಾದ ಒರಾಂಗ್ ಅಸ್ಲಿ ಮೂಲನಿವಾಸಿಗಳು, ಎಲ್ಲರೂ ಈ ಕ್ಷೇತ್ರದ ಮತದಾರರು. 2018ರ ಚುನಾವಣೆಯ ಫಲಿತಾಂಶವನ್ನು ನ್ಯಾಯಾಲಯ ರದ್ದುಪಡಿಸಿದ ಬಳಿಕ 2019ರ ಜನವರಿಯಲ್ಲಿ ನಡೆದ ಉಪಚುನಾವಣೆಯಲ್ಲಿ ಗೆದ್ದ ರಾಮ್ಲಿ ಮೊಹಮದ್ ನೋರ್, ಮಲೇಷ್ಯಾದ ಸಂಸತ್ತಿನ ಕೆಳಮನೆಗೆ ಆಯ್ಕೆಯಾದ ಮೊದಲ ಒರಾಂಗ್ ಅಸ್ಲಿ. ಲೇಖನದಲ್ಲಿ ಈ ಸಂಗತಿಗೆ ಪ್ರತ್ಯೇಕ ಪ್ಯಾರಾ ಕೊಟ್ಟೆ.

ಕೊನೆಗೆ ಜಿಲ್ಲಾ ಮಂಡಳಿಯ ಸದಸ್ಯರನ್ನು ‘ಚುನಾಯಿತರು’ ಎಂದು ಅಭ್ಯಾಸಬಲದಿಂದ ಬರೆದಿದ್ದುದನ್ನೂ ತಿದ್ದಬೇಕಾಯಿತು. ಮಲೇಷ್ಯಾದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ 1965ರಲ್ಲೇ ನಿಂತಿತು; ಸದಸ್ಯರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಹೀಗಾಗಿ ತಾನಾ ರಾತಾದ ನಿವಾಸಿ ತನ್ನ ಮತದಿಂದ ಆರಿಸುವುದು ಇಬ್ಬರನ್ನು ಮಾತ್ರ: ಒಬ್ಬರು ರಾಜ್ಯದ ಶಾಸನಸಭೆಗೆ, ಇನ್ನೊಬ್ಬರು ಲಿಪಿಸ್ ಕಡೆಯ ಮತದಾರರೊಂದಿಗೆ ಸೇರಿ ಸಂಸತ್ತಿಗೆ.