ಹಟಮಾರಿ ಸ್ಕ್ರೂಗೆ ಮೊದಲು ಸುತ್ತಿಗೆ, ಆಮೇಲೆ ಸ್ಕ್ರೂಡ್ರೈವರ್

ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ‘ಕಿರ್ರ್’ ಅಂತ ಸದ್ದು ಬಂದರೆ ಇನ್ನೊಂದು ಸ್ಕ್ರೂ ತಲೆ ಸವೆಯಿತು ಅಂತಲೇ ಲೆಕ್ಕ. ಯಾರೋ ಹುಡುಗ ಆಸೆಪಟ್ಟು ಹಳೆಯ ಯಮಹಾ ಆರ್‌ಎಕ್ಸ್ 100 ತಂದಿರುತ್ತಾನೆ. 1996ಕ್ಕೇ ತಯಾರಿಕೆ ನಿಂತ ಬೈಕು. ಅದರ ಕ್ಲಚ್ ಕವರ್‌ನ ಸ್ಕ್ರೂಗಳಿಗೆ ಮಿಕ್ಸಿ ಬಿಚ್ಚುವ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು ಹಲ್ಲು ಕಚ್ಚಿ ತಿರುಗಿಸುತ್ತಾನೆ. ಸ್ಕ್ರೂ ಅಲುಗುವುದಿಲ್ಲ, ಅದರ ಪ್ಲಸ್ ಗುರುತು ಮಾತ್ರ ದುಂಡಗಾಗುತ್ತದೆ. ಆಮೇಲೆ ನನ್ನ ಮನೆಯ ಬೆಲ್ ಒತ್ತುತ್ತಾನೆ. ಒಂದು ಪ್ರಯತ್ನ ಮೊದಲು ಬಂದಿದ್ದರೆ ಹತ್ತು ನಿಮಿಷದ ಕೆಲಸ.

ಸ್ಕ್ರೂ ಉಕ್ಕಿನದು, ಎಂಜಿನ್ ಕೇಸ್ ಅಲ್ಯೂಮಿನಿಯಮ್ಮಿನದು. ಈ ಎರಡು ಲೋಹಗಳ ನಡುವೆ ನೀರು ನಿಂತರೆ ಸವೆಯುವುದು ಅಲ್ಯೂಮಿನಿಯಂ. ವಿಭೂತಿಯಂಥ ಬಿಳಿ ಪುಡಿ ಹುಟ್ಟಿ ಥ್ರೆಡ್ಡಿನ ಸಂದಿಯಲ್ಲೆಲ್ಲ ಗಿಡಿದುಕೊಳ್ಳುತ್ತದೆ. ಮಳೆಗಾಲ ಸಾಲದೆಂದು ಆಯುಧಪೂಜೆಯ ದಿನ ನಾವೂ ಪೈಪು ಹಿಡಿದು ಎಂಜಿನ್ನಿಗೆ ಅಭಿಷೇಕ ಮಾಡುತ್ತೇವಲ್ಲ!

ಮೊದಲು ಬಿಟ್, ಅಂದರೆ ಸ್ಕ್ರೂ ತಲೆಯೊಳಗೆ ಕೂರುವ ತುದಿ, ಸರಿಯಾದದ್ದಿರಲಿ. ಜಪಾನೀ ವಿನ್ಯಾಸದ ಹಳೆಯ ಎಂಜಿನ್ನುಗಳಲ್ಲಿ ಇರುವುದು ನಾವು ಸ್ಟಾರ್ ಅನ್ನುವ ಸಾಮಾನ್ಯ ಫಿಲಿಪ್ಸ್ ಅಲ್ಲ, ಜಪಾನಿನ ಮಾನದಂಡದ ಜೆಐಎಸ್ ಸ್ಕ್ರೂ. ನೋಡಲು ಅವಳಿಜವಳಿ. ಕೆಲವದರ ತಲೆಯ ಮೇಲೆ ಸಣ್ಣ ಚುಕ್ಕಿ ಇರುತ್ತದೆ, ಎಲ್ಲದರಲ್ಲೂ ಅಲ್ಲ. ಫಿಲಿಪ್ಸ್ ಬಿಟ್ ಇದರೊಳಗೆ ಪೂರ್ತಿ ಕೂರುವುದಿಲ್ಲ. ಬಲ ಹೆಚ್ಚಿದಂತೆ ಮೇಲೆದ್ದು ಅಂಚನ್ನು ಕೆರೆಯುತ್ತದೆ. 6 ಎಂಎಂ ಸ್ಕ್ರೂಗೆ 3ನೇ ನಂಬರಿನ ಬಿಟ್, 5 ಎಂಎಂಗೆ 2ನೇ ನಂಬರು. ಜೆಐಎಸ್ ಬಿಟ್ ಸಿಗದಿದ್ದರೆ ಫಿಲಿಪ್ಸ್ ಬಿಟ್ಟಿನ ಮೂತಿಯನ್ನು ಕೂದಲೆಳೆಯಷ್ಟು ಉಜ್ಜಿ ಮೊಂಡು ಮಾಡಿ, ಆಳಕ್ಕೆ ಇಳಿಯುತ್ತದೆ. ಫುಟ್‌ಪಾತಿನಲ್ಲಿ ಡಬ್ಬಿಗಟ್ಟಲೆ ಮಾರುವ ಹೊಳೆಯುವ ಬಿಟ್ ಸೆಟ್ ಬೇಡವೇ ಬೇಡ. ಅವು ಸ್ಕ್ರೂಗಿಂತ ಮೆತ್ತಗಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಗೋ ಜೆ.ಸಿ. ರಸ್ತೆಗೋ ಹೋಗಿ ಒಂದೇ ಒಂದು ಒಳ್ಳೆಯ ಬಿಟ್ ತನ್ನಿ.

ಸ್ಕ್ರೂ ತಲೆಯೊಳಗಿನ ಮಣ್ಣು, ಗ್ರೀಸು, ಪೇಂಟನ್ನು ದಬ್ಬಣದಿಂದ ಕೆದಕಿ ತೆಗೆಯಿರಿ. ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಯಲಿ. ಡಬ್ಲ್ಯುಡಿ-40 ಎಂದು ಎಲ್ಲರೂ ಓಡುತ್ತಾರೆ. ಅದರ ಹೆಸರಿನ ಅರ್ಥವೇ ನೀರನ್ನು ಓಡಿಸುವುದು. ಏನೂ ಇಲ್ಲದಿದ್ದರೆ ಅದೂ ಆದೀತು, ಆದರೆ ಬಿಗಿದ ಥ್ರೆಡ್ಡಿಗೆಂದೇ ಮಾಡಿದ ಎಣ್ಣೆ ನನಗೆ ಮೇಲು.

ಈಗ ಅಸಲಿ ಕೆಲಸ. ಇದಕ್ಕೆ ಬೇಕಾದದ್ದು ಇಂಪ್ಯಾಕ್ಟ್ ಡ್ರೈವರ್: ಬ್ಯಾಟರಿಯದಲ್ಲ, ಸುತ್ತಿಗೆಯಿಂದ ಹೊಡೆಯುವ ದಪ್ಪ ಕಬ್ಬಿಣದ ಹಿಡಿ. ಪ್ರತಿ ಏಟಿಗೂ ಬಿಟ್ಟನ್ನು ಒಳಗೆ ಒತ್ತುತ್ತಲೇ ಒಂದಿಷ್ಟು ತಿರುಗಿಸುತ್ತದೆ, ಹಾಗಾಗಿ ಜಾರುವುದಿಲ್ಲ. ದಿಕ್ಕು ಬಿಚ್ಚುವ ಕಡೆಗಿದೆಯೇ ಎಂದು ಮೊದಲು ಮರದ ತುಂಡಿನ ಮೇಲೆ ಒಮ್ಮೆ ಹೊಡೆದು ನೋಡಿ. ನಾನೊಮ್ಮೆ ನೋಡದೆ ಹೊಡೆದು, ಬಿಗಿದದ್ದನ್ನು ಇನ್ನಷ್ಟು ಬಿಗಿದಿದ್ದೇನೆ. ಬಿಟ್ ಕೂರಿಸಿ, ಹಿಡಿಯನ್ನು ಕೈಯಿಂದಲೇ ಅಪ್ರದಕ್ಷಿಣೆಯಾಗಿ ತಿರುಗಿಸಿ ಒಳಗಿನ ಸಡಿಲವನ್ನೆಲ್ಲ ತೆಗೆದು, ಹಾಗೇ ಬಿಗಿಯಾಗಿ ಹಿಡಿದಿರಿ. ಇದನ್ನು ಮರೆತರೆ ಏಟಿನ ಅರ್ಧ ಬಲ ಸಡಿಲು ತಿನ್ನುವುದರಲ್ಲೇ ಹೋಗುತ್ತದೆ. ಡ್ರೈವರ್ ಸ್ಕ್ರೂಗೆ ನೇರವಾಗಿರಬೇಕು, ಓರೆ ಆಗಬಾರದು. ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೀವು ನೆಲಕ್ಕೆ ಕೂತುಕೊಳ್ಳಿ. ಸುತ್ತಿಗೆ ಒಂದು ಕಿಲೋ ತೂಗಲಿ. ಮೊಳೆ ಹೊಡೆಯುವ ಪುಟ್ಟ ಸುತ್ತಿಗೆಯಿಂದ ಟಕಟಕ ಬಾರಿಸುವವರೇ ಹೆಚ್ಚು. ಅದರಿಂದ ಏನೂ ಆಗದು. ಒಂದೇ ಏಟು, ಗಟ್ಟಿ ಏಟು. ಸ್ಕ್ರೂ ಕೂತಿರುವ ಜಾಗದ ಹಿಂದೆ ದಪ್ಪ ಲೋಹ ಇರುವ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್‌ಗಳಿಗೆ ಇದು ಸಲ್ಲುತ್ತದೆ. ಕಾರ್ಬ್ಯುರೇಟರ್ ಸ್ಕ್ರೂಗೆ ಸುತ್ತಿಗೆ ಎತ್ತಿದರೆ ಕಾರ್ಬ್ಯುರೇಟರನ್ನೇ ಹೊಸದು ಕೊಳ್ಳಬೇಕಾದೀತು.

ಮೂರು ಏಟಿಗೂ ಮಣಿಯದಿದ್ದರೆ ನಿಲ್ಲಿಸಿ, ಬಿಸಿ ಕೊಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ರಂಧ್ರ ಸಡಿಲಾಗುತ್ತದೆ. ಹೀಟ್ ಗನ್ ಹಿಡಿದು ಸ್ಕ್ರೂ ಸುತ್ತಲಿನ ಕೇಸನ್ನು, ಹನಿ ನೀರು ಬಿದ್ದರೆ ಚುರ್ ಅನ್ನುವಷ್ಟು ಕಾಯಿಸಿ, ಅಷ್ಟೇ ಸಾಕು. ಅದಕ್ಕಿಂತ ಹೆಚ್ಚಾದರೆ ಒಳಗಿನ ಆಯಿಲ್ ಸೀಲ್ ಸುಡುತ್ತದೆ. ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಟ್ಟು, ಸುರಿದ ಎಣ್ಣೆ ಒರೆಸಿ, ಬೇಸ್‌ಮೆಂಟ್ ಬಿಟ್ಟು ಬಯಲಿನಲ್ಲಿ ಮಾಡಿ. ಬಿಸಿ ಇರುವಾಗಲೇ ಮತ್ತೆ ಏಟು.

ತಲೆ ಆಗಲೇ ಸವೆದಿದ್ದರೆ? ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಒಂದು ಚಿಟಿಕೆ ಬಿಟ್ಟಿನ ತುದಿಗೆ ಹಚ್ಚಿ, ಅದರ ಮರಳು ಹಿಡಿತ ಕೊಡುತ್ತದೆ. ಆಗಲೂ ಬರಲಿಲ್ಲವೇ, ಉಳಿಯಿಂದ ತಲೆಯ ಅಂಚಿಗೆ ಕಚ್ಚು ಹಾಕಿ ಅಪ್ರದಕ್ಷಿಣೆಯಾಗಿ ತಳ್ಳುತ್ತಾ ಹೊಡೆಯಿರಿ. ಕೊನೆಗೆ ಡ್ರಿಲ್: ನಡುಮಧ್ಯೆ ಪಂಚ್ ಗುರುತು ಹಾಕಿ, ಸಣ್ಣ ಬಿಟ್ಟಿನಿಂದ ಶುರುಮಾಡಿ 6 ಎಂಎಂವರೆಗೆ ಹೋಗಿ. ತಲೆ ಮಾತ್ರ ಹಾರಿಹೋಗುತ್ತದೆ. ಉಳಿದ ಸ್ಕ್ರೂಗಳನ್ನೂ ತೆಗೆದು ಕವರ್ ಎಳೆದರೆ ಮೊಟಕು ಕಾಂಡ ಹೊರಗೆ ಇಣುಕುತ್ತದೆ. ತಲೆಯ ಬಿಗಿತ ಹೋದ ಮೇಲೆ ಎಷ್ಟೋ ಸಲ ಅದು ವೈಸ್ ಗ್ರಿಪ್ ಅನ್ನುವ ಕಚ್ಚಿ ಹಿಡಿಯುವ ಇಕ್ಕಳಕ್ಕೆ ಸುಲಭವಾಗಿ ಬಂದುಬಿಡುತ್ತದೆ. ಮುರಿದ ಸ್ಕ್ರೂ ತೆಗೆಯುವ ಈಸಿ-ಔಟ್ ಅನ್ನುವ ಸಾಧನದ ಹೆಸರಿಗೆ ಮಾತ್ರ ಮರುಳಾಗಬೇಡಿ. ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯದು. ಕೇಸ್ ಹೊತ್ತುಕೊಂಡು ಲೇತ್ ಅಂಗಡಿಗೆ ನಡೆಯಬೇಕು.

ಬಿಚ್ಚಿದ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರ್‌ನ ಚಿತ್ರ ಬರೆದು, ಆಯಾ ಜಾಗದಲ್ಲೇ ಚುಚ್ಚಿಡಿ. ಮತ್ತೆ ಹಾಕುವಾಗ ಆ ಸ್ಟಾರ್ ಸ್ಕ್ರೂಗಳನ್ನು ಗುಜರಿಗೆ ಎಸೆದು, ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಅಲೆನ್ ಸ್ಕ್ರೂ ಹಾಕಿ. ನೋಟ ಹಾಳಾಯಿತು ಎಂದು ಗೊಣಗುವ ಹಳೆ ಬೈಕ್ ಭಕ್ತರು ಗೊಣಗಲಿ. ಥ್ರೆಡ್ಡಿಗೆ, ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಕಾಪರ್ ಆಂಟಿ-ಸೀಜ್ ಪೇಸ್ಟ್ ಚೂರೇ ಚೂರು ಸವರಿ. 6 ಎಂಎಂ ಸ್ಕ್ರೂಗೆ 10 ನ್ಯೂಟನ್ ಮೀಟರ್‌ಗಿಂತ ತುಸು ಕಡಿಮೆ ಬಿಗಿತ ಸಾಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಅಲೆನ್ ಕೀಲಿಯ ಗಿಡ್ಡ ತುದಿಯನ್ನು ಹಿಡಿದು ಬಿಗಿಯಲಿ, ಉದ್ದ ತುದಿಯನ್ನಲ್ಲ.