ಒಂದು ಹೆರೆಮಣೆ, ಹಲವು ಬಗೆಯ ಸ್ಕೆಚ್

ನಿಂತುಕೊಂಡೇ ಕಾಯಿ ಹೆರೆಯುವಂಥ ಹೆರೆಮಣೆ ಬೇಕು ಅಂತ ಮಂಗಳೂರಿನ ಒಬ್ಬ ಪಾತ್ರೆ ವ್ಯಾಪಾರಿ ಕೇಳಿದ್ದರು. ನಮ್ಮ ಕಡೆ ಅಡುಗೆಗೆ ದಿನಾ ಕಾಯಿ ಬೇಕು, ಮಂಡಿನೋವಿನವರಿಗೆ ನೆಲದಲ್ಲಿ ಕೂರಲು ಆಗುವುದಿಲ್ಲ. ಹಳೆಯದರಲ್ಲಿ ಕೂತವರ ಭಾರವೇ ಮಣೆಯನ್ನು ಅಲುಗಾಡದಂತೆ ಹಿಡಿಯುತ್ತದೆ. ಅಡುಗೆಕಟ್ಟೆಯ ಮೇಲೆ ಆ ಭಾರ ಎಲ್ಲಿಂದ ಬರಬೇಕು?

ಇದಕ್ಕೆ ನಾನು ಕೂತದ್ದು ಬಾಲ್‌ಪೆನ್ನು, ಅಗ್ಗದ ಕಾಗದ ಹಿಡಿದು. ಪೆನ್ಸಿಲ್ ದೂರ ಇಡುತ್ತೇನೆ. ರಬ್ಬರ್ ಸಿಕ್ಕಿದರೆ ಒಂದೇ ಚಿತ್ರವನ್ನು ಉಜ್ಜುತ್ತಾ ಕೂರುತ್ತೇವೆ, ಅಲ್ವಾ? ಬೆಂಕಿಪೊಟ್ಟಣದಷ್ಟು ಸಣ್ಣ ಚಿತ್ರಗಳು: ಕಟ್ಟೆಯ ಅಂಚಿಗೆ ತಿರುಪಿನಿಂದ ಬಿಗಿಯುವುದು, ಕಟ್ಟೆಯನ್ನು ಹೀರಿ ಹಿಡಿಯುವ ರಬ್ಬರಿನ ಪಾದ, ಕಲ್ಲಿನ ತಳ. ಅಂದಚಂದದ ಗೊಡವೆ ಇಲ್ಲ.

ಈ ಒರಟು ಚಿತ್ರಗಳನ್ನೇ ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. "ತುರಿ ಬೀಳ್ಲಿಕ್ಕೆ ಬಟ್ಟಲು ಇಡುವುದೆಲ್ಲಿ ಮಾರಾಯ್ರೇ? ಜಾಗವೇ ಇಲ್ವಲ್ಲ" ಎನ್ನುತ್ತಾ ಪೆನ್ನು ಕಿತ್ತುಕೊಂಡು ತಾನೇ ಒಂದು ಬಟ್ಟಲು ಗೀಚಿದರು. ಬಣ್ಣ ಹಚ್ಚಿ ಮುಗಿಸಿದ ಚಿತ್ರ ಕೊಟ್ಟಿದ್ದರೆ "ಚಂದ ಉಂಟು" ಅಂತ ವಾಪಸ್ ಕೊಡುತ್ತಿದ್ದರು, ಅಷ್ಟೇ. ನುಣುಪಾದ ಚಿತ್ರದ ಮೇಲೆ ಗೆರೆ ಎಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಯಾರಿಂದ ಎಂಥ ಉತ್ತರ ಬೇಕು ಅಂತ ನೋಡಿಯೇ ನಾನು ಸ್ಕೆಚ್ಚಿನ ಬಗೆ ಆರಿಸುತ್ತೇನೆ.

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ನಿಜ ಅಳತೆಯ ಚಿತ್ರ. ಬ್ರೌನ್ ಪೇಪರಿನಲ್ಲಿ ಪಕ್ಕದ ನೋಟವನ್ನು 1:1 ಅಳತೆಗೆ ಬರೆದು ಕಟ್ಟೆಯ ಹಿಂದಿನ ಗೋಡೆಗೆ ಅಂಟಿಸಿದೆ. ಕಾಯಿಯ ಕಡಿಯನ್ನು ಅದಕ್ಕೆ ಹಿಡಿದು ನೋಡಿದರೆ ಬೆರಳಿನ ಗಂಟು ಎಲ್ಲಿ ತಾಗುತ್ತದೆ ಅಂತ ಕಾಣುತ್ತದೆ. ಕಟ್ಟೆ ಸುಮಾರು 85 ಸೆಂ.ಮೀ. ಎತ್ತರ. ಹಲ್ಲಿನ ತುದಿ ಅದರ ಮೇಲೆ ಇನ್ನೂ 20 ಸೆಂ.ಮೀ. ಏರಿದರೆ ಗಿಡ್ಡ ಇರುವವರ ಮೊಣಕೈ ಮೇಲೇಳುತ್ತದೆ, ಭುಜ ಸೋಲುತ್ತದೆ. ಅದೇ ಕಾಗದದಲ್ಲಿ ಬೇರೆ ಬೇರೆ ಎತ್ತರಕ್ಕೆ ಕೆಂಪು ಗೆರೆ ಎಳೆದು, ತುದಿಯನ್ನು ಕಟ್ಟೆಯ ಅಂಚಿನಿಂದ ಹೊರಕ್ಕೆ, ತುಸು ಕೆಳಗೆ ತಂದೆ. ಬಟ್ಟಲಿಗೆ ಜಾಗ ಬೇಕಲ್ಲ, ಅದಕ್ಕೆ ಕೆಳಗೊಂದು ಕೊಕ್ಕೆಯ ಬಳೆ ಬಂತು. ಅಂಚಿಗೆ ತಿರುಪು ಬಿಗಿಯುವುದೇ ಸರಿ ಅಂತಲೂ ಅಲ್ಲೇ ತೀರ್ಮಾನವಾಯಿತು.

ಹೆರೆಮಣೆ ಮಾಡಿಕೊಡುವ ಬೈಕಂಪಾಡಿಯ ವರ್ಕ್‌ಶಾಪಿಗೆ ಇದ್ಯಾವುದೂ ನಡೆಯುವುದಿಲ್ಲ. ಅವರಿಗೆ ಮಿಲಿಮೀಟರ್ ಅಳತೆಯ, ಫಸ್ಟ್ ಆಂಗಲ್ ಪ್ರೊಜೆಕ್ಷನ್ ಡ್ರಾಯಿಂಗ್ ಬೇಕು, ಅಂದರೆ ಮುಂದಿನ, ಮೇಲಿನ, ಪಕ್ಕದ ನೋಟಗಳನ್ನು ಗೊತ್ತಾದ ಕ್ರಮದಲ್ಲಿ ಬೇರೆ ಬೇರೆಯಾಗಿ ಬರೆದದ್ದು. ಆದರೂ ಮೂಲೆಯಲ್ಲಿ ಮೂರು ಬದಿಯೂ ಒಟ್ಟಿಗೆ ಕಾಣುವ ಒಂದು ಸಣ್ಣ ಐಸೊಮೆಟ್ರಿಕ್ ಸ್ಕೆಚ್ ಕೈಯಲ್ಲೇ ಹಾಕಿಡುತ್ತೇನೆ. "ಇದು ಯಾವ ಕಡೆಗೆ ಬೆಂಡ್?" ಅನ್ನುವ ಫೋನ್ ತಪ್ಪುತ್ತದೆ. ಬಿಡಿಭಾಗ ಜೋಡಿಸುವ ಕ್ರಮಕ್ಕೆ ಎಲ್ಲವನ್ನೂ ಬಿಡಿಸಿ ತೋರಿಸುವ ಎಕ್ಸ್‌ಪ್ಲೋಡೆಡ್ ಚಿತ್ರ ಬೇರೆ.

ಮಾರ್ಕರಿನಲ್ಲಿ ಸ್ಟೀಲಿನ ಹೊಳಪು ತರಿಸಿದ್ದು ಕೊನೆಗೆ, ವ್ಯಾಪಾರಿಗೆ ತೋರಿಸಲು ಮಾತ್ರ. ಮಳೆಗಾಲದಲ್ಲಿ ನಮ್ಮ ಊರಿನ ಕಾಗದಕ್ಕೆ ತಂಡಿ ಹಿಡಿದು ಶಾಯಿ ಹರಡುತ್ತದೆ. ಅದಕ್ಕೇ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೇಕಾದಾಗ ಒಂದೊಂದೇ ಹಾಳೆ ತೆಗೆಯುತ್ತೇನೆ.